ಶಾಲೆ ಶುಲ್ಕಕ್ಕೆ ಡಿಜಿಟಲ್ ಚಿನ್ನವೇಕೆ?

ಮಾನ್ಯರೇ,

ದಿನಕ್ಕೆ ಇಷ್ಟು ಎಂದು ಖಾತೆಯಿಂದ ತಾನಾಗಿ ದುಡ್ಡು ಎತ್ತಿಡುವ ಉಳಿತಾಯ ಆ್ಯಪ್‌ಗಳು ಈಗ ಮನೆಮನೆಯ ಮೊಬೈಲಿನಲ್ಲಿವೆ. ಕೈಗೆ ಸಿಗುವ ಮೊದಲೇ ದುಡ್ಡು ಪಕ್ಕಕ್ಕೆ ಹೋಗುವುದು ಒಳ್ಳೆಯದೇ. ಆದರೆ ಹೋದ ದುಡ್ಡು ಎಲ್ಲಿ ಕೂರುತ್ತದೆ ಎಂದು ನೋಡುವವರು ಕಡಿಮೆ. ಇಂಥ ಹಲವು ಆ್ಯಪ್‌ಗಳಲ್ಲಿ ಅದು ಡಿಜಿಟಲ್ ಚಿನ್ನವಾಗುತ್ತದೆ, ಅಂದರೆ ಆ ದುಡ್ಡಿಗೆ ನಿಮ್ಮ ಹೆಸರಿನಲ್ಲಿ ಆನ್‌ಲೈನಿನಲ್ಲೇ ಚಿನ್ನ ಕೊಳ್ಳಲಾಗುತ್ತದೆ; ದುಡ್ಡು ಬೇಕಾದಾಗ ಅದನ್ನು ಮಾರಬೇಕು.

ಮೇ ತಿಂಗಳಲ್ಲಿ ಕಟ್ಟಬೇಕಾದ ಶಾಲೆ ಶುಲ್ಕ 24,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 80ರಂತೆ 300 ದಿನಕ್ಕೆ ಲೆಕ್ಕ ಸರಿಹೋಗುತ್ತದೆ. ಆದರೆ ಕೊಳ್ಳುವಾಗಲೇ ಶೇ 3 ಜಿಎಸ್‌ಟಿ, ಅಂದರೆ ಸುಮಾರು 700 ರೂಪಾಯಿ ಹೋಯಿತು. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರ ಶೇ 3 ಎಂದು ಹಿಡಿದರೆ ಇನ್ನೊಂದು 700. ಚಿನ್ನದ ದರ ಇದ್ದಲ್ಲೇ ಇದ್ದರೆ ಕೈಗೆ ಬರುವುದು ಸುಮಾರು 22,600. ಈಚಿನ ವರ್ಷಗಳಲ್ಲಿ ದರ ಏರುತ್ತಲೇ ಹೋದದ್ದರಿಂದ ಈ ಖೋತಾ ಯಾರ ಕಣ್ಣಿಗೂ ಬೀಳಲಿಲ್ಲ. ಮೇ ತಿಂಗಳಲ್ಲೇ ದರ ಬಿದ್ದರೆ? ಏರುವವರೆಗೆ ಶಾಲೆಯವರು ಕಾಯುವುದಿಲ್ಲ. ಡಿಜಿಟಲ್ ಚಿನ್ನ ತನ್ನ ನಿಯಂತ್ರಣಕ್ಕೆ ಒಳಪಟ್ಟಿಲ್ಲ, ಅದಕ್ಕೆ ತನ್ನ ಹೂಡಿಕೆದಾರ ರಕ್ಷಣೆ ಅನ್ವಯಿಸದು ಎಂದು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2025ರ ನವೆಂಬರ್‌ನಲ್ಲೇ ಎಚ್ಚರಿಸಿದೆ. ಮದುವೆಗೆ ಚಿನ್ನವೇ ಬೇಕು ಎನ್ನುವವರ ಮಾತು ಬೇರೆ.

ಅದೇ ದುಡ್ಡನ್ನು ತಿಂಗಳಿಗೆ 2,400ರಂತೆ ಬ್ಯಾಂಕಿನ, ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿಯಾದ ಆರ್‌.ಡಿ.ಗೆ ಹಾಕಿ. ಜುಲೈನಲ್ಲಿ ಹತ್ತು ತಿಂಗಳಿಗೆಂದು ತೆರೆದರೆ ಮೇ ತಿಂಗಳಿಗೆ ಕೈಗೆ ಬರುತ್ತದೆ. ಬಡ್ಡಿ ಶೇ 6 ಎಂದರೂ 24,000ದ ಮೇಲೆ ಸುಮಾರು 660 ಸಿಗುತ್ತದೆ. ಇದೂ ತಾನಾಗಿಯೇ ಕಡಿತವಾಗುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲೇ ತೆರೆಯಬಹುದು. ಕೆಲವು ಬ್ಯಾಂಕುಗಳಲ್ಲಿ ಅವಧಿ 6 ತಿಂಗಳಿನಿಂದ ಶುರು, ಕೆಲವೆಡೆ ಕನಿಷ್ಠ 12, ಮೊದಲೇ ವಿಚಾರಿಸಿ. ಕಡಿತದ ದಿನ ಸಂಬಳದ ಮರುದಿನವೇ ಇರಲಿ. ತಿಂಗಳ ಕೊನೆಗೆ ಇಟ್ಟರೆ ಖಾತೆ ಬರಿದಾಗಿ ಕಂತು ತಪ್ಪುತ್ತದೆ, ದಂಡ ಬೀಳುತ್ತದೆ. ಅಂಚೆ ಕಚೇರಿಯ ಆರ್‌.ಡಿ. ಈ ಕೆಲಸಕ್ಕೆ ಆಗದು, ಅದು 5 ವರ್ಷದ್ದು.

ಚಿಲ್ಲರೆ ಉಳಿಸುವ ವ್ಯವಸ್ಥೆಯನ್ನೂ ಗುರಿಗೆ ನಂಬಬೇಡಿ. 47 ರೂಪಾಯಿ ಕೊಟ್ಟರೆ 50 ಮಾಡಿ ಉಳಿದ 3 ಎತ್ತಿಡುತ್ತದೆ, ನಿಜ. ಆದರೆ 20 ರೂಪಾಯಿಯ ಕಾಫಿಗೆ ಎತ್ತಿಡುವುದು ಸೊನ್ನೆ! ಎಷ್ಟು ಸೇರುತ್ತದೆ ಎಂಬುದನ್ನು ನೀವು ಖರ್ಚು ಮಾಡುವ ರೀತಿ ತೀರ್ಮಾನಿಸುತ್ತದೆಯೇ ಹೊರತು ಶುಲ್ಕದ ಮೊತ್ತವಲ್ಲ. ಖರ್ಚು ಗೊತ್ತುಮಾಡಿಕೊಳ್ಳಲು ನಿಮ್ಮ ಎಸ್‌ಎಂಎಸ್ ಓದುವ ಅನುಮತಿ ಕೇಳುವ ಆ್ಯಪ್‌ಗಳೂ ಇವೆ.

ಅತಿ ಹೆಚ್ಚು ಎಡವಟ್ಟಾಗುವುದು ಇಂಥ ಆ್ಯಪ್‌ಗಳು ಖಾತೆಯಿಂದ ತಾನಾಗಿ ದುಡ್ಡು ಎತ್ತಲು ಬಳಸುವ ಯುಪಿಐ ಆಟೋಪೇನಲ್ಲಿ. ಒಮ್ಮೆ ಪಿನ್ ಒತ್ತಿ ಒಪ್ಪಿದರೆ ಆಮೇಲೆ 15,000 ರೂಪಾಯಿವರೆಗಿನ ಕಡಿತಕ್ಕೆ ಮತ್ತೆ ಪಿನ್ ಬೇಡ. ಒಪ್ಪಿಗೆಯ ಪರದೆಯಲ್ಲಿ ಗರಿಷ್ಠ ಮೊತ್ತ ಎಷ್ಟಿದೆ, ದಿನಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ, ಕೊನೆಯ ದಿನಾಂಕ ಯಾವುದು ಎಂದು ಓದಿ. ನೀವು ಆರಿಸಿದ್ದು 80 ಆದರೂ ಮಿತಿ ಅದಕ್ಕಿಂತ ಹೆಚ್ಚಿರಬಹುದು. ಇನ್ನೊಂದು: ಉಳಿತಾಯದ ಆ್ಯಪ್ ಡಿಲೀಟ್ ಮಾಡಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಒಪ್ಪಿಗೆ ಕೊಟ್ಟ ಯುಪಿಐ ಆ್ಯಪ್‌ಗೆ ಹೋಗಿ, ಪ್ರೊಫೈಲ್‌ನಲ್ಲಿ ಆಟೋಪೇ ಹುಡುಕಿ, ಆ ಕಂಪನಿಯ ಹೆಸರು ಒತ್ತಿ ರದ್ದು ಮಾಡಬೇಕು.

ಕಟ್ಟಿದ್ದು ಎಷ್ಟು ಎಂಬುದರ ಪಕ್ಕದಲ್ಲೇ, ಇವತ್ತು ಮಾರಿದರೆ ಖಾತೆಗೆ ಬರುವುದು ಎಷ್ಟು ಎಂಬುದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ತೋರಿಸುವುದನ್ನು ಕೇಂದ್ರ ಸರ್ಕಾರ ಈ ಆ್ಯಪ್‌ಗಳಿಗೆ ಕಡ್ಡಾಯ ಮಾಡಬೇಕು.

– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ