ನಲಿ-ಕಲಿ ಟೀಚರನ್ನು ತರಗತಿಯಲ್ಲೇ ಇರಲು ಬಿಡಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ.

ನನ್ನ ಮಗಳು ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಳೆ. ನಾನು ಅದೇ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯೆ. ಮುಖ್ಯ ಶಿಕ್ಷಕರಿಗೆ ಹೇಳಿದ್ದಾಯಿತು, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್‌ನವರಿಗೆ ಹೇಳಿದ್ದಾಯಿತು, ತಾಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದೂ ಆಯಿತು. ಎಲ್ಲರೂ "ಮೇಲಿನಿಂದ ಬಂದ ಆದೇಶ" ಎನ್ನುತ್ತಾರೆ. ಇಲಾಖೆಯಲ್ಲಿ ಎಲ್ಲರಿಗಿಂತ ಮೇಲಿರುವವರು ನೀವೇ ಅಲ್ವಾ? ಅದಕ್ಕೆ ನಿಮಗೇ ಬರೆಯುತ್ತಿದ್ದೇನೆ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಟೀಚರನ್ನು ಶಾಲೆಯ ಹೊತ್ತಿನಲ್ಲಿ ಬೇರೆ ಯಾವ ಕೆಲಸಕ್ಕೂ ಕರೆಯಬೇಡಿ. ಕರೆಯಲೇಬೇಕಾದರೆ ಮೊದಲು ಬದಲಿ ಟೀಚರನ್ನು ಕಳಿಸಿ, ಆಮೇಲೆ ಕರೆಯಿರಿ.

ನಲಿ-ಕಲಿ ಬಗ್ಗೆ ನನಗೆ ಬೇಸರವಿಲ್ಲ, ಅಭಿಮಾನವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಅದು ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಕನ್ನಡದ ಮಕ್ಕಳಿಗೆ ಒಗ್ಗುವ ಹಾಗೆ ಕಟ್ಟಿದರು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮೊದಲು ಅ ಆ ಇ ಈ ಬಾಯಿಪಾಠ ಮಾಡಿಸುವುದಿಲ್ಲ. ರ, ಗ, ಸ, ದ, ಅ ಎಂದು ಶುರು. ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ನನ್ನ ಮಗಳು ಮೊದಲ ಸಲ "ಗರಗಸ" ಓದಿದ ದಿನ ಮನೆಯಲ್ಲಿದ್ದ ಗರಗಸವನ್ನು ಹುಡುಕಿ ತಂದು ತೋರಿಸಿದ್ದಳು. ಅಂಥ ಪದ್ಧತಿ ಅದು.

ಆದರೆ ಅದು ನಡೆಯುವುದು ಟೀಚರ್ ಇದ್ದರೆ ಮಾತ್ರ. ನಿಮಗೆ ಇದು ಗೊತ್ತಿಲ್ಲದ್ದೇನಲ್ಲ. ಗೋಡೆ ಮೇಲೆ, ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗುವೂ ತನ್ನದೇ ಮೆಟ್ಟಿಲಲ್ಲಿರುತ್ತದೆ. ಒಬ್ಬಳು ಒತ್ತಕ್ಷರದ ಕಾರ್ಡಿನಲ್ಲಿದ್ದರೆ ಪಕ್ಕದವನು ಇನ್ನೂ ಕಾಗುಣಿತದಲ್ಲಿರುತ್ತಾನೆ. ಮೂರು ತರಗತಿಯವರೂ ಒಂದೇ ಕೊಠಡಿಯಲ್ಲಿ, ಗುಂಪು ಗುಂಪಾಗಿ ಕೂರುತ್ತಾರೆ. ಹೊಸದನ್ನು ಕಲಿಯುವ ಮಗು ಟೀಚರ್ ಪಕ್ಕದಲ್ಲಿ ಕೂರಬೇಕು. ಸ್ವಲ್ಪ ಬಂದ ಮೇಲೆ ಗೆಳೆಯರ ಗುಂಪಿಗೆ ಹೋಗಬೇಕು, ಆಮೇಲೆ ತಾನೇ ಮಾಡಬೇಕು. ಯಾವ ಮಗು ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ಆ ಟೀಚರಿಗೆ ಗೊತ್ತು. ಬೇರೆ ತರಗತಿಯಲ್ಲಾದರೆ ಇನ್ನೊಬ್ಬರು ಬಂದು ಪುಸ್ತಕ ತೆಗೆದು ಪಾಠ ಓದಬಹುದು. ಇಲ್ಲಿ ಟೀಚರ್ ಎದ್ದು ಹೋದರೆ ಅಷ್ಟೂ ಮಕ್ಕಳು ನಿಂತಲ್ಲೇ ನಿಲ್ಲುತ್ತಾರೆ.

ನಮ್ಮ ಶಾಲೆಯಲ್ಲಿ ಇಬ್ಬರೇ ಶಿಕ್ಷಕರು. ನಲಿ-ಕಲಿ ಒಬ್ಬರಿಗೆ. ನಾಲ್ಕು, ಐದನೇ ತರಗತಿ ಮುಖ್ಯ ಶಿಕ್ಷಕರಿಗೆ. ಅವರಿಗೋ ಬಿಸಿಯೂಟದ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ಗೆ ತುಂಬುವ ಮಾಹಿತಿ, ಸಭೆ. ಹಾಗಾಗಿ ಹೊರಗಿನ ಕೆಲಸಕ್ಕೆ ನಲಿ-ಕಲಿ ಟೀಚರೇ ಏಳಬೇಕು. ಜೂನ್ ಬಂದರೆ ದಾಖಲಾತಿ, ಆಮೇಲೆ ತರಬೇತಿ, ನಡುವೆ ಮತದಾರರ ಪಟ್ಟಿ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಬಂತು. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದು ಶಿಕ್ಷಕರನ್ನು ಮನೆ ಮನೆಗೆ ಕಳಿಸಿದಿರಿ. ಸಮೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಮಕ್ಕಳ ಟೀಚರೇ ಯಾಕೆ ಬೇಕು?

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ನಾನು ನಿಮಗೆ ಓದಿ ಹೇಳಬೇಕಾಗಿಲ್ಲ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಇವು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದಿದೆ. ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು ಎಂದೂ ಅದೇ ಕಾಯ್ದೆಯಲ್ಲಿದೆ. ಶಾಲೆ ಬಾಗಿಲು ತೆರೆದಿದ್ದ ದಿನವನ್ನೆಲ್ಲ ಪಾಠದ ದಿನ ಅಂತ ಬರೆದುಕೊಂಡರೆ ಲೆಕ್ಕವೇನೋ ಸರಿಹೋಗುತ್ತದೆ.

ಈಗ ನನ್ನನ್ನು ಈ ಪತ್ರ ಬರೆಯುವ ಹಾಗೆ ಮಾಡಿದ ಸಂಗತಿ ಹೇಳುತ್ತೇನೆ. ಕಳೆದ ವರ್ಷ ಮಗಳು ಎರಡನೇ ತರಗತಿಯಲ್ಲಿದ್ದಳು. ಎರಡನೇ ಸೆಮಿಸ್ಟರ್ ಮುಗಿದಾಗ ಪ್ರಗತಿ ಪತ್ರ ಬಂತು. ಕನ್ನಡ ಎ. ಗಣಿತ ಎ. ಪರಿಸರ ಅಧ್ಯಯನ ಎ ಪ್ಲಸ್. ಅವಳ ಅಪ್ಪ ಖುಷಿಯಿಂದ ಊರಿಗೆಲ್ಲ ತೋರಿಸಿ ಬಂದರು. ನಾನು ಅವಳ ಚೀಲದಿಂದ ಅಭ್ಯಾಸ ಪುಸ್ತಕ ತೆಗೆದೆ. ಅರ್ಧ ಪುಸ್ತಕ ಖಾಲಿ. ಒಂದು ಗೆರೆಯೂ ಇಲ್ಲ. 52ರಲ್ಲಿ 17 ಕಳಿ ಎಂದೆ. ಎರಡರಲ್ಲಿ ಏಳು ಹೋಗಲ್ಲ ಎಂದು ಏಳರಲ್ಲೇ ಎರಡು ಕಳೆದು 45 ಬರೆದಳು. ದಶಕ ಬಿಡಿಸುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಹಕ್ಕಿ" ಎಂದು ಬರೆ ಎಂದರೆ "ಹಕಿ" ಎಂದು ಬರೆದು, ಸರಿನಾ ಅಮ್ಮ ಎಂದು ನನ್ನ ಮುಖ ನೋಡಿದಳು. ಆ ಮಗುವಿನ ಕೈಗೆ ಎ ಕೊಟ್ಟಿದ್ದಾರೆ ಸ್ವಾಮಿ.

ಪುಸ್ತಕ, ಪ್ರಗತಿ ಪತ್ರ ಎರಡನ್ನೂ ಹಿಡಿದುಕೊಂಡು ಶಾಲೆಗೆ ಹೋದೆ. ಟೀಚರ್ ತಲೆ ತಗ್ಗಿಸಿದರು. "ಅಕ್ಕಾ, ನಾನು ಈ ಕೊಠಡಿಯಲ್ಲಿ ಎಷ್ಟು ದಿನ ಇದ್ದೆ ಅಂತ ನಿಮಗೇ ಗೊತ್ತು. ಗ್ರೇಡ್ ತುಂಬೋಕೆ ಕೊನೇ ದಿನ ಅಂತ ಫೋನ್ ಮೇಲೆ ಫೋನ್. ಖಾಲಿ ಬಿಟ್ಟರೆ ನನಗೇ ನೋಟಿಸ್" ಎಂದರು. ನಾನು ಅವರನ್ನು ದೂರುವುದಿಲ್ಲ. ಇದ್ದ ದಿನ ಚೆನ್ನಾಗಿಯೇ ಕಲಿಸಿದ್ದಾರೆ. ಅಲ್ಲಿಂದ ತಾಲೂಕು ಕಚೇರಿಗೆ ಹೋದೆ. ಪುಸ್ತಕದ ಖಾಲಿ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿದೆ. ಅಲ್ಲಿದ್ದವರು ಪುಸ್ತಕ ಮುಟ್ಟಲೂ ಇಲ್ಲ. "ಫೇಲ್ ಅಂತೂ ಮಾಡಿಲ್ವಲ್ಲಮ್ಮ, ಇನ್ನೇನು ಬೇಕು ನಿಮಗೆ?" ಎಂದರು.

ಏನು ಬೇಕು ಗೊತ್ತಾ? ನನ್ನ ಮಗಳಿಗೆ ಕಳೆಯುವ ಲೆಕ್ಕ ಬರಬೇಕು. ಒತ್ತಕ್ಷರ ಬರಬೇಕು. ಸುಮ್ನೆ ಎ ಬೇಡ. ಹಗಲೆಲ್ಲ ಕೂಲಿ ಮಾಡಿ ಬಂದು ರಾತ್ರಿ ನಾನು ಅವಳಿಗೆ ಕಡ್ಡಿ ಕಟ್ಟು ಬಿಚ್ಚಿ ದಶಕ ಹೇಳಿಕೊಡುತ್ತಿದ್ದೇನೆ. ನಾನು ಪಿಯುಸಿ ಓದಿದ್ದೇನೆ, ನನ್ನ ಕೈಲಾಗುತ್ತದೆ. ಓದು ಬಾರದ ತಾಯಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರು ಎ ನೋಡಿ ಮಗು ಕಲಿತಿದೆ ಎಂದೇ ನಂಬಿದ್ದಾರೆ. ಅವರಿಗೆ ನಾನು ಏನೆಂದು ಹೇಳಲಿ? ದುಡ್ಡಿದ್ದವರು ಮಕ್ಕಳನ್ನು ಹಳದಿ ಬಸ್ಸಿನಲ್ಲಿ ಪಟ್ಟಣದ ಕಾನ್ವೆಂಟಿಗೆ ಕಳಿಸುತ್ತಿದ್ದಾರೆ. ನಾಳೆ ನೀವೇ, ಮಕ್ಕಳ ಸಂಖ್ಯೆ ಕಡಿಮೆ ಎಂದು ನಮ್ಮ ಶಾಲೆಯನ್ನು ಇನ್ನೊಂದು ಶಾಲೆಗೆ ಸೇರಿಸುತ್ತೀರಿ.

ಎರಡನೇ ತರಗತಿಯ ಕಳೆಯುವ ಲೆಕ್ಕ ಬಾರದೆ ಮೂರಕ್ಕೆ, ಮೂರರ ಭಾಗಾಕಾರ ಬಾರದೆ ನಾಲ್ಕಕ್ಕೆ ಹೋದ ಮಗುವಿಗೆ ಅಲ್ಲಿ ಏಣಿಯೂ ಇರುವುದಿಲ್ಲ, ಕಾರ್ಡೂ ಇರುವುದಿಲ್ಲ. ಪುಸ್ತಕದ ಪಾಠ ಮುಂದೆ ಓಡುತ್ತಲೇ ಇರುತ್ತದೆ.

ಅದಕ್ಕೇ ಮತ್ತೆ ಕೇಳುತ್ತೇನೆ. ನಲಿ-ಕಲಿ ಟೀಚರನ್ನು ಮಕ್ಕಳ ನಡುವಿನಿಂದ ಎಬ್ಬಿಸಬೇಡಿ. ತರಬೇತಿ ಇದ್ದರೆ ರಜೆಯಲ್ಲಿ ಇಡಿ. ಮಾಹಿತಿ ತುಂಬಲು ಕ್ಲಸ್ಟರಿಗೊಬ್ಬರನ್ನು ಬೇರೆಯೇ ನೇಮಿಸಿ. ಬದಲಿ ಟೀಚರ್ ಬರುವವರೆಗೆ ಇರುವ ಟೀಚರನ್ನು ಬೇರೆ ಕೆಲಸಕ್ಕೆ ಕಳಿಸಬೇಡಿ. ಇನ್ನೊಂದು, ಪ್ರತಿ ಸೆಮಿಸ್ಟರ್ ಶುರುವಾಗುವಾಗ ಮಕ್ಕಳು ಏನೇನು ಕಲಿಯಬೇಕು ಎಂಬುದನ್ನು ನಮಗೆ ಅರ್ಥವಾಗುವ ಮಾತಿನಲ್ಲಿ ಶಾಲೆಯ ಗೋಡೆ ಮೇಲೆ ಬರೆಸಿ. ಸೆಮಿಸ್ಟರ್ ಮುಗಿದಾಗ ಎಷ್ಟು ನಡೆಯಿತು, ಎಷ್ಟು ನಡೆಯಲಿಲ್ಲ ಎಂದು ತಂದೆ-ತಾಯಿಗಳನ್ನು ಕೂರಿಸಿ ನಿಜ ಹೇಳಿಸಿ. ಕಲಿಸದೆ ಉಳಿದ ಕಡೆ "ಕಲಿಸಿಲ್ಲ" ಎಂದು ಬರೆಯಲು ಟೀಚರಿಗೆ ಅವಕಾಶ ಕೊಡಿ, ಅದಕ್ಕೆ ನೋಟಿಸ್ ಕೊಡಬೇಡಿ.

ಮೊದಲನೆಯದಕ್ಕೆ ದುಡ್ಡು ಜಾಸ್ತಿ ಬೇಡ, ನಿಮ್ಮ ಒಂದು ಆದೇಶ ಸಾಕು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮೊದಲು ಆ ಆದೇಶ ನಮ್ಮ ಶಾಲೆಗೆ ಬರಲಿ.

ಇಂತಿ,
ಎರಡನೇ ತರಗತಿ ಮುಗಿಸಿದ ಮಗುವಿನ ತಾಯಿ, ಎಸ್‌ಡಿಎಂಸಿ ಸದಸ್ಯೆ