ಶ್ರೀಮತಿ ಫಿಶರ್ ಹೇಳಿ ಬರೆಸಿದ್ದು

ನಾವೆಲ್ಲ ನೆಲೆಸಿರುವ ಈ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 1881ರಲ್ಲಿ, ಮಹಿಳೆಯರ ಸಹಕಾರಿ ಮುದ್ರಣಾಲಯವೊಂದು ಅಡುಗೆಯ ಪುಸ್ತಕವೊಂದನ್ನು ಅಚ್ಚು ಮಾಡಿತು. ಅಮೆರಿಕದ ದಕ್ಷಿಣ ರಾಜ್ಯಗಳ ಹಳೆಯ ಅಡುಗೆಯ ಬಗ್ಗೆ ಶ್ರೀಮತಿ ಫಿಶರ್ ಅವರಿಗೆ ಗೊತ್ತಿರುವುದು ಎಂಬುದೇ ಅದರ ಶೀರ್ಷಿಕೆಯ ತಾತ್ಪರ್ಯ. ಆದರೆ ಆಬಿ ಫಿಶರ್ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಪತಿಗೂ ಶಿಕ್ಷಣ ದೊರೆತಿರಲಿಲ್ಲವೆಂದು ಮುನ್ನುಡಿಯಲ್ಲಿ ಅವರೇ ಮುಚ್ಚುಮರೆಯಿಲ್ಲದೆ ತಿಳಿಸಿದ್ದಾರೆ. ಅವರು ಹೇಳುತ್ತ ಹೋದರು, ಬೇರೆಯವರು ಬರೆದುಕೊಂಡರು.

ಅದೇ ಮುನ್ನುಡಿಯಲ್ಲಿ ತಮಗೆ ಅಡುಗೆಯಲ್ಲಿ 35 ವರ್ಷಗಳಿಗೂ ಮೀರಿದ ಅನುಭವವಿದೆ ಎಂದು ಅವರು ಹೇಳುತ್ತಾರೆ. ಈ ಸಂಖ್ಯೆಯನ್ನು ಸುಮ್ಮನೆ ಓದಿ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. 1881ರಿಂದ 35 ವರ್ಷ ಹಿಂದಕ್ಕೆ ಎಣಿಸಿದರೆ 1846 ಬರುತ್ತದೆ. ಗುಲಾಮಗಿರಿ ದೇಶದಾದ್ಯಂತ ಕೊನೆಗೊಂಡದ್ದು 1865ರಲ್ಲಿ. ದಕ್ಷಿಣ ಕ್ಯಾರೊಲೈನಾದಲ್ಲಿ, ಸುಮಾರು 1831ರಲ್ಲಿ, ಗುಲಾಮಳಾಗಿದ್ದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಈಕೆಯ ಅನುಭವದ ಅರ್ಧಕ್ಕಿಂತ ಹೆಚ್ಚಿನ ಭಾಗವು, ದುಡಿಮೆಯ ಫಲವೆಲ್ಲ ಕಾನೂನಿನ ಪ್ರಕಾರ ಯಜಮಾನನಿಗೇ ಸೇರುತ್ತಿದ್ದ ಕಾಲಕ್ಕೆ ಸೇರಿದೆ. ಬಿಡುಗಡೆಯಾದ ಹೆಚ್ಚಿನವರಿಗೆ ಭೂಮಿಯೂ ದೊರೆಯಲಿಲ್ಲ, ದುಡ್ಡೂ ದೊರೆಯಲಿಲ್ಲ. ಕೈಗೆ ಹತ್ತಿದ ಹದವೊಂದನ್ನು ಮಾತ್ರ ಯಾರೂ ಕಸಿದುಕೊಳ್ಳುವಂತಿರಲಿಲ್ಲ.

ಅಲಬಾಮಾದ ಮೊಬೀಲ್ ನಗರದಿಂದ 1870ರ ದಶಕದ ಕೊನೆಗೆ ಸಂಸಾರ ಸಮೇತ ಕ್ಯಾಲಿಫೋರ್ನಿಯಾಕ್ಕೆ ಬಂದ ಫಿಶರ್ ದಂಪತಿ ಇಲ್ಲಿ ಉಪ್ಪಿನಕಾಯಿ, ಜೆಲ್ಲಿ, ಹಣ್ಣಿನ ಪಾಕಗಳ ವ್ಯಾಪಾರ ಹೂಡಿದರು. 1879ರಲ್ಲಿ ಸ್ಯಾಕ್ರಮೆಂಟೊದ ರಾಜ್ಯ ಮೇಳದಲ್ಲಿ ಪ್ರಶಸ್ತಿಪತ್ರ, ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನ ಮೇಳದಲ್ಲಿ ಎರಡು ಪದಕಗಳು ಆಬಿಯವರಿಗೆ ಬಂದವು. ಅದೇ 1880ರ ಜನಗಣತಿಯಲ್ಲಿ ಮಾತ್ರ ಪತಿಯ ಉದ್ಯೋಗ ಉಪ್ಪಿನಕಾಯಿ ತಯಾರಕ ಎಂದೂ ಪದಕ ಗೆದ್ದವರ ಉದ್ಯೋಗ ಅಡುಗೆಯವಳು ಎಂದೂ ದಾಖಲಾಗಿದೆ.

ಪುಸ್ತಕದಲ್ಲಿ ಕೂಸುಗಳಿಗೆ ತಿನ್ನಿಸುವ ಒಂದು ಗಂಜಿಯ ವಿಧಾನವಿದೆ. ಜರಡಿ ಹಿಡಿದ ಗೋಧಿ ಹಿಟ್ಟನ್ನು ನೀರು ಒಳನುಗ್ಗದಂತೆ ಶುಭ್ರವಾದ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಎರಡು ಗಂಟೆ ಕುದಿಸಿ, ಆರಿದ ಮೇಲೆ ಹೊರಗಿನ ಗಟ್ಟಿ ಪದರವನ್ನು ತೆಗೆದುಹಾಕಿ, ಬೇಕಾದಾಗ ಒಂದು ದೊಡ್ಡ ಚಮಚದಷ್ಟು ತುರಿದು ಕುದಿಯುವ ಹಾಲಿಗೆ ಕದಡಬೇಕು. ರಾಗಿಸರಿ ಮಾಡಿ ಗೊತ್ತಿರುವವರಿಗೆ ಇದು ಅಪರಿಚಿತವೆನಿಸದು. ಹನ್ನೊಂದು ಮಕ್ಕಳನ್ನು ಹೆತ್ತು ಅಷ್ಟೂ ಮಕ್ಕಳನ್ನು ಈ ಆಹಾರದಿಂದಲೇ ಸಾಕಿದೆ ಎಂದು ಅವರು ಕೊನೆಗೆ ಸೇರಿಸುತ್ತಾರೆ. ಪದಕಗಳಿಗಿಂತ ಈ ಒಂದು ಸಾಲಿನ ಶಿಫಾರಸು ನನಗೆ ದೊಡ್ಡದಾಗಿ ಕಂಡಿತು.

ಇಂಥ ಬದುಕು ಕಟ್ಟಿಕೊಂಡವರು ಅವರೊಬ್ಬರೇ ಅಲ್ಲ. ವರ್ಜೀನಿಯಾದ ಗಾರ್ಡನ್ಸ್‌ವಿಲ್ ನಿಲ್ದಾಣದಲ್ಲಿ, ಊಟದ ಬೋಗಿಗಳಿಲ್ಲದ ಕಾಲದ ರೈಲುಗಳು ನಿಂತೊಡನೆ, ಕಪ್ಪು ಮಹಿಳೆಯರು ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಬಂದು ಕಿಟಕಿಗಳಿಗೆ ಹುರಿದ ಕೋಳಿ, ಬಿಸ್ಕಿಟ್, ಕಾಫಿಗಳನ್ನು ನೀಡುತ್ತಿದ್ದರು. ಅವರಲ್ಲೊಬ್ಬರ ಮಗಳಾದ ಬೆಲ್ಲಾ ವಿನ್‌ಸ್ಟನ್, ಈ ಮನೆಯ ದುಡ್ಡನ್ನು ನಮ್ಮಮ್ಮ ಕೋಳಿಕಾಲುಗಳಲ್ಲಿ ತೀರಿಸಿದಳು ಎಂದು ಇಳಿವಯಸ್ಸಿನಲ್ಲಿ ನೆನೆದಿದ್ದರು.

ಮತ್ತೆ ಫಿಶರ್ ಅವರ ಪುಸ್ತಕಕ್ಕೆ ಬಂದರೆ, ಬರೆದುಕೊಂಡವರಿಗೆ ಆ ದಕ್ಷಿಣದ ಉಚ್ಚಾರ ಹೊಸದಾಗಿದ್ದಿರಬೇಕು. ಜಂಬಲಾಯ ಎಂಬ ಅನ್ನದ ಖಾದ್ಯವು ಅಲ್ಲಿ ‘ಜಂಬರ್ಲಿ’ ಆಗಿದೆ. ಮೆಕ್ಕೆಜೋಳ ಮತ್ತು ಅವರೆಯಂಥ ಕಾಳಿನ ‘ಸಕೊಟ್ಯಾಶ್’, ‘ಸರ್ಕಿಟ್ ಹ್ಯಾಶ್’ ಆಗಿದೆ. ಕರಡು ತಿದ್ದಿ ರೂಢಿಯಾದ ನನ್ನ ಕಣ್ಣಿಗೆ ಇವು ಮೊದಲು ತಪ್ಪುಗಳಾಗಿಯೇ ಕಂಡವು. ಆದರೆ ಆಕೆಯ ದನಿ ಇಂದು ನಮಗೆ ಕೇಳಿಸುವುದು ಈ ಎರಡು ಮಾತುಗಳಲ್ಲಿಯೇ. ಅಂದು ಯಾರಾದರೂ ಜಾಣರು ತಿದ್ದಿದ್ದರೆ ಅದೂ ಉಳಿಯುತ್ತಿರಲಿಲ್ಲ.

ನಮ್ಮ ಪತ್ರಿಕೆಯ ಕಳೆದ ಸಂಚಿಕೆಯ ಅಡುಗೆ ಪುಟಕ್ಕೆ ಧಾರವಾಡದ ಕಡೆಯ ಹಿರಿಯರೊಬ್ಬರು ಫೋನಿನಲ್ಲಿ ಹೇಳಿ ಬರೆಸಿದ ‘ರಂಜಕ’ವನ್ನು, ಎಲ್ಲರಿಗೂ ತಿಳಿಯಲೆಂದು ನಾನು ‘ಹಣ್ಣುಮೆಣಸಿನಕಾಯಿಯ ಚಟ್ನಿ’ ಎಂದು ತಿದ್ದಿದ್ದೆ. ಅವರು ನನಗೆ ಏನೂ ಅನ್ನಲಿಲ್ಲ. ಈ ಸಂಚಿಕೆಯಲ್ಲಿ ಆ ಬರಹವನ್ನು ಅವರ ಮಾತಿನಲ್ಲಿಯೇ, ಅವರ ಹೆಸರಿಟ್ಟೇ ಮರುಮುದ್ರಿಸಿದ್ದೇವೆ.