ಕ್ಲಸ್ಟರ್‌ಗೆ ಹೊರಟಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನೀನು ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿನ (ಕ್ಲಸ್ಟರ್‌ನ) ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ, ಆ ಹುದ್ದೆಯ ಪರೀಕ್ಷೆ ಪಾಸಾದೆ ಅಂತ ಕೇಳಿ ತುಂಬಾ ಖುಷಿಯಾಯಿತು. ಕೌನ್ಸೆಲಿಂಗ್‌ನಲ್ಲಿ ಪಾವಗಡ ತಾಲ್ಲೂಕು ಸಿಕ್ಕರೆ ಹೋಗಲಾ ಬೇಡವಾ ಅಂತ ಕೇಳಿದ್ದೆ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆಯೇ ಹೊರಟು ನಿಂತವರು ಇನ್ನೂ ಜನ ಇರುತ್ತಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಹೋಗು. ಖಂಡಿತ ಹೋಗು. ಆದರೆ ನಾನು ಮೊದಲ ವರ್ಷ ಮಾಡಿದ ತಪ್ಪನ್ನು ನೀನು ಮಾಡಬೇಡ.

ನಾನು ಬಾಗೇಪಲ್ಲಿ ಕಡೆಯ ಕ್ಲಸ್ಟರ್‌ಗೆ ಬಂದಾಗ ಹಳ್ಳಿಯವರು ಬೈಕ್ ನೋಡಿದ ಕೂಡಲೇ "ಇನ್‌ಸ್ಪೆಕ್ಟರ್ ಬಂದರು" ಅನ್ನುತ್ತಿದ್ದರು. ಮಕ್ಕಳು ಎದ್ದು ನಿಲ್ಲುತ್ತಿದ್ದರು. ಎಚ್‌ಎಂ (ಮುಖ್ಯ ಶಿಕ್ಷಕರು) ಕುರ್ಚಿ ಬಿಟ್ಟುಕೊಡುತ್ತಿದ್ದರು. ಆ ಮರ್ಯಾದೆ ನನ್ನ ತಲೆಗೆ ಏರಿಬಿಟ್ಟಿತು. ನಾವು ಇನ್‌ಸ್ಪೆಕ್ಟರ್ ಅಲ್ಲ ಅಲ್ವಾ? ಯಾರಿಗೂ ನೋಟಿಸ್ ಕೊಡುವ ಅಧಿಕಾರ ನಮಗಿಲ್ಲ. ನಾವೂ ಶಾಲೆಯಿಂದ ಬಂದ ಶಿಕ್ಷಕರೇ, ಅವಧಿ ಮುಗಿದ ಮೇಲೆ ಮತ್ತೆ ಕರಿಹಲಗೆ ಮುಂದೆ ನಿಲ್ಲುವವರೇ. ಪಾಠ ಮಾಡುವವರ ಪಕ್ಕದಲ್ಲಿ ಇನ್ನೊಬ್ಬ ಪಾಠ ಮಾಡುವವನು ಇರಲಿ ಅಂತಲೇ ಈ ಹುದ್ದೆ ಮಾಡಿದ್ದು.

ಆಂಧ್ರ ಗಡಿಯ ಹತ್ತಿರದ ಒಂದು ಸಣ್ಣ ಶಾಲೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುವ ನಲಿಕಲಿ ಕೊಠಡಿಯಲ್ಲಿ ವಿಜಯಪುರದ ಕಡೆಯಿಂದ ಬಂದ ಒಬ್ಬ ಮೇಡಂ ಇದ್ದರು. ಮೊದಲ ಭೇಟಿಯಲ್ಲಿ ಇಪ್ಪತ್ತು ನಿಮಿಷ ಇದ್ದೆ. ಮಕ್ಕಳ ಪ್ರಗತಿ ದಾಖಲೆ ತಿರುವಿ ಹಾಕಿದೆ. ಮೂರನೇ ತರಗತಿಯ ಮಕ್ಕಳೂ ಕಲಿಕೆಯ ಹಂತಗಳನ್ನು ತೋರಿಸುವ ಏಣಿಯ ಕೆಳಗಿನ ಮೆಟ್ಟಿಲಲ್ಲೇ ಇದ್ದರು. ಸಂದರ್ಶಕರ ಪುಸ್ತಕದಲ್ಲಿ "ಕಲಿಕೆ ನಿರೀಕ್ಷಿತ ಮಟ್ಟದಲ್ಲಿಲ್ಲ, ಸುಧಾರಿಸಿಕೊಳ್ಳುವುದು" ಅಂತ ಬರೆದು ಸಹಿ ಹಾಕಿ ಹೊರಟೆ. ಮೇಡಂ ಒಂದು ಮಾತೂ ಆಡಲಿಲ್ಲ. ಎರಡು ವರ್ಷದಿಂದ ಮನೆಯಿಂದ ಅಷ್ಟು ದೂರ ಇದ್ದು, ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದವರು. ಆ ಸಾಲು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮುಂದಿನ ತಿಂಗಳು ಮತ್ತೆ ಹೋದಾಗ ಜೋರು ಮಳೆ. ಹೊರಡೋಕೆ ಆಗಲಿಲ್ಲ. ಮಕ್ಕಳ ಜೊತೆ ಚಾಪೆ ಮೇಲೆ ಕೂತೆ. ಮೇಡಂ ಚಿತ್ರದ ಕಾರ್ಡು ತೋರಿಸುತ್ತಿದ್ದರು. ಹಸುವಿನ ಚಿತ್ರ ಬಂತು. "ಇದೇನು?" ಮುಂದೆ ಕೂತಿದ್ದ ಹುಡುಗ ಜೋರಾಗಿ "ಆವು" ಅಂದ. "ಹಾವಲ್ಲಪ್ಪಾ, ಸರಿಯಾಗಿ ನೋಡು" ಅಂದರು ಮೇಡಂ. ಹುಡುಗನ ಮುಖ ಸಣ್ಣಗಾಯಿತು. ಆಮೇಲೆ ಮನೆಯ ಚಿತ್ರ. ಒಬ್ಬಳು ಮೆಲ್ಲಗೆ "ಇಲ್ಲು" ಅಂದಳು. ಮೇಡಂಗೆ ಅದು "ಇಲ್ಲ" ಅಂತ ಕೇಳಿಸಿತು. "ಯಾಕಿಲ್ಲ? ಇದೆಯಲ್ಲ!" ಅಂದರು.

ನಾನು ಚಿಂತಾಮಣಿಯವನು, ನಿನಗೆ ಗೊತ್ತಲ್ಲ. ನನ್ನ ಅಜ್ಜಿ ಮಾತಾಡಿದ್ದೆಲ್ಲ ತೆಲುಗಿನಲ್ಲೇ. ತೆಲುಗಿನಲ್ಲಿ ಆವು ಅಂದರೆ ಹಸು, ಇಲ್ಲು ಅಂದರೆ ಮನೆ. ಇಬ್ಬರು ಮಕ್ಕಳೂ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ಇಬ್ಬರಿಗೂ ತಪ್ಪು ಅಂತ ಸಿಕ್ಕಿತ್ತು. ಹೀಗೆ ದಿನಕ್ಕೆ ಎಷ್ಟು ಸಲ ಆಗಿರಬಹುದು, ವರ್ಷಕ್ಕೆ ಎಷ್ಟು ಸಲ? ಆ ಮಕ್ಕಳು ಬಾಯಿ ಬಿಡದೇ ಕೂತಿದ್ದರಲ್ಲಿ ಆಶ್ಚರ್ಯವೇ ಇರಲಿಲ್ಲ. ಮೇಡಂ ತಪ್ಪೂ ಅಲ್ಲ. ಅವರಿಗೆ ಆ ಭಾಷೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಬೇಕಾದವನು ನಾನೇ ಆಗಿದ್ದೆ. ನಾನು ಪುಸ್ತಕದಲ್ಲಿ ಷರಾ ಬರೆದು ಹೋಗಿದ್ದೆ.

ಅವತ್ತು ಮೇಡಂ ಅನುಮತಿ ಕೇಳಿ ನಾನೇ ಕಾರ್ಡು ಹಿಡಿದೆ. ಮೊದಲು ಮನೆಮಾತಿನಲ್ಲಿ ಹೇಳಿ ಅಂದೆ. ಅರೆ, ಕೊಠಡಿಯೇ ಎದ್ದು ಕೂತಿತು! ಅವರು ಹೇಳಿದ ಪದವನ್ನು ಕನ್ನಡ ಅಕ್ಷರದಲ್ಲೇ ಹಲಗೆ ಮೇಲೆ ಬರೆದು, ಪಕ್ಕದಲ್ಲಿ ಕನ್ನಡ ಪದ ಬರೆದೆ. ಆವು, ಹಸು. ಇಲ್ಲು, ಮನೆ. ಪಾಲು, ಹಾಲು. ಮೇಡಂ ಒಂದು ನೋಟ್‌ಬುಕ್ ತಂದು ಎರಡು ಕಾಲಂ ಗೀಟು ಹಾಕಿದರು. ಕನ್ನಡದ 'ಹ' ತೆಲುಗಿನಲ್ಲಿ ಎಷ್ಟೋ ಕಡೆ 'ಪ' ಆಗುತ್ತದೆ ಅಂತ ಅವರೇ ಕಂಡುಕೊಂಡರು. ಹುಲಿಗೆ ಪುಲಿ, ಹತ್ತಕ್ಕೆ ಪದಿ. ಅವರ ಮುಖದಲ್ಲಿ ಆಗ ಕಂಡ ಬೆಳಕನ್ನು ನಾನು ಯಾವ ತರಬೇತಿಯಲ್ಲೂ ನೋಡಿಲ್ಲ.

ಆಮೇಲೆ ತಿಂಗಳಿಗೆ ಎರಡು ಸಲವಾದರೂ ಹೋಗಿ ಅರ್ಧ ದಿನ ಕೂರುತ್ತಿದ್ದೆ. ವರ್ಷದ ಕೊನೆಗೆ ಆ "ಆವು" ಹುಡುಗ ಒಂದು ಪುಟ ಕಥೆ ಓದಿ, ಅದರಲ್ಲಿ ಏನಾಯಿತು ಅಂತ ಕನ್ನಡದಲ್ಲೇ ಹೇಳಿದ. ಎಲ್ಲ ಮಕ್ಕಳೂ ಅಲ್ಲಿಗೆ ಮುಟ್ಟಲಿಲ್ಲ. ಆದರೆ ಬಾಯಿ ಕಟ್ಟಿಕೊಂಡು ಕೂರುವ ಮಗು ಒಂದೂ ಉಳಿಯಲಿಲ್ಲ.

ಕ್ಲಸ್ಟರ್‌ನ ಶಿಕ್ಷಕರು ಸೇರುವ ಸಮಾಲೋಚನಾ ಸಭೆಯಲ್ಲಿ ನಾನು ಮಾತಾಡಲಿಲ್ಲ, ಮೇಡಂ ಕೈಗೇ ಆ ನೋಟ್‌ಬುಕ್ ಕೊಟ್ಟು ಮಾತಾಡಿ ಅಂದೆ. ಸಾಮಾನ್ಯವಾಗಿ ಆ ಸಭೆ ಸುತ್ತೋಲೆ ಓದುವುದರಲ್ಲೇ ಮುಗಿಯುತ್ತದೆ. ಅವತ್ತು ಎಲ್ಲರೂ ತಮ್ಮ ತಮ್ಮ ಅನುಭವ ಹೇಳೋಕೆ ಶುರು ಮಾಡಿದರು. ಒಬ್ಬ ಹಿರಿಯ ಮೇಷ್ಟ್ರು ಪಾಠದಲ್ಲಿ "ಕೆರೆ ಕೋಡಿ ಬಿತ್ತು" ಅಂದಾಗ ಮಕ್ಕಳು ಕೆರೆಗೆ ಕೋಳಿ ಬಿತ್ತು ಅಂತ ತಿಳಿದುಕೊಂಡಿದ್ದರಂತೆ. ತೆಲುಗಿನಲ್ಲಿ ಕೋಡಿ ಅಂದರೆ ಕೋಳಿ. ಊಟದ ಹೊತ್ತು ದಾಟಿದರೂ ಯಾರೂ ಏಳಲಿಲ್ಲ. ನೀನು ಬೇರೆ ಏನು ಮಾಡದಿದ್ದರೂ ಈ ಸಭೆಯನ್ನು ಶಿಕ್ಷಕರ ಕೈಗೆ ಕೊಡು.

ಇದು ನಮ್ಮ ಸೀಮೆಗೆ ಹೊಸ ವಿಷಯ ಏನಲ್ಲ. ಕೈವಾರ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದ ನೆಲ ಇದು. ನಲಿಕಲಿಯನ್ನೇ ನೋಡು. 1995ರಲ್ಲಿ ಅದು ಮೊಳೆತದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆದರೆ ಅಲ್ಲಿನ ಶಿಕ್ಷಕರು ನೋಡಿ ಕಲಿತು ಬಂದದ್ದು ಮದನಪಲ್ಲಿ ಹತ್ತಿರದ ರಿಷಿವ್ಯಾಲಿ ಶಾಲೆಗಳಲ್ಲಿ. ಅದು ನಮ್ಮ ಗಡಿ ದಾಟಿದರೆ ಸಿಗುವ ತೆಲುಗು ನೆಲ. ಸಂವಿಧಾನದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಇರಬೇಕು ಅನ್ನುತ್ತದೆ. 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿ ನಿನಗೆ ಬಾಯಿಪಾಠ ಇರುತ್ತದೆ: 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗು ಅರ್ಥ ಮಾಡಿಕೊಂಡು ಓದಬೇಕು. ಬರೀ ಓದುವುದಲ್ಲ, ಅರ್ಥ ಮಾಡಿಕೊಂಡು. ಪಾವಗಡದ ಎಷ್ಟೋ ಹಳ್ಳಿಗಳಲ್ಲಿ ಆ ಅರ್ಥ ಮೊದಲು ಹುಟ್ಟುವುದು ತೆಲುಗಿನಲ್ಲಿ. ನೀನು ಕೊರಟಗೆರೆ ಕಡೆಯವನು. ಹೋಗುವ ಮೊದಲು ಒಂದು ನೂರು ಪದವಾದರೂ ಕಲಿತುಕೋ.

ಇನ್ನು ಕಾಗದದ ಕೆಲಸ. ಅದನ್ನು ಮುಚ್ಚಿಡುವುದಿಲ್ಲ, ತುಂಬಾ ಜಾಸ್ತಿ ಇದೆ. ಎಸ್‌ಎಟಿಎಸ್ (ಮಕ್ಕಳ ಆನ್‌ಲೈನ್ ದಾಖಲೆ), ಯುಡೈಸ್ (ಶಾಲೆಗಳ ಅಂಕಿಅಂಶ), ಆಧಾರ್, ಸಮವಸ್ತ್ರ, ಶೂ ಅಳತೆ, ಪಠ್ಯಪುಸ್ತಕದ ಬೇಡಿಕೆ, ಮೊಟ್ಟೆ ತಿನ್ನುವವರೆಷ್ಟು ಬಾಳೆಹಣ್ಣು ತಿನ್ನುವವರೆಷ್ಟು, ಎಲ್ಲವೂ ನಮ್ಮ ಮೂಲಕವೇ ಮೇಲೆ ಹೋಗಬೇಕು. ಬೆಳಗ್ಗೆ ಹನ್ನೊಂದಕ್ಕೆ ವಾಟ್ಸಾಪ್ ಬರುತ್ತದೆ, ಮಧ್ಯಾಹ್ನ ಮೂರರೊಳಗೆ ಮಾಹಿತಿ ಕೊಡಿ ಅಂತ. ಪಾಠ ನೋಡುತ್ತಿದ್ದವನು ಎದ್ದು ಹೊರಗೆ ಹೋಗಿ ಹದಿನೇಳು ಶಾಲೆಗೆ ಫೋನ್ ಮಾಡುತ್ತಾ ನಿಲ್ಲಬೇಕು. ಅಷ್ಟೇ ಅಲ್ಲ, ನನ್ನ ಫೋನ್ ಎತ್ತಿಕೊಳ್ಳಲು ಅಲ್ಲಿ ಪಾಠ ಮಾಡುತ್ತಿದ್ದ ಎಚ್‌ಎಂ ಕೂಡ ತರಗತಿ ಬಿಟ್ಟು ಹೊರಗೆ ಬರುತ್ತಾರೆ. ಇದು ನನಗೆ ಅತಿ ಹೆಚ್ಚು ನೋವು ಕೊಡುವ ವಿಷಯ. 1994ರಲ್ಲಿ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ) ಶುರುವಾದಾಗ ರಾಜ್ಯದಲ್ಲಿ ಮೊದಲು ಆರಿಸಿಕೊಂಡ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಹಳೆಯ ಕೋಲಾರವೂ ಒಂದು. ಆಗ ಚಿಕ್ಕಬಳ್ಳಾಪುರ ಬೇರೆ ಆಗಿರಲಿಲ್ಲ. ಕ್ಲಸ್ಟರ್ ಸಂಪನ್ಮೂಲ ಕೇಂದ್ರ ಅನ್ನುವುದು ಆ ಯೋಜನೆಯ ಜೊತೆ ಬಂತು. ಸಂಪನ್ಮೂಲ ಅಂದರು, ಅಂಕಿಅಂಶ ಅನ್ನಲಿಲ್ಲ.

ನಾನು ಕಂಡುಕೊಂಡ ಒಂದು ದಾರಿ ಹೇಳುತ್ತೇನೆ. ಆಯಾ ತಿಂಗಳು ಕೇಳುವ ಮಾಹಿತಿಯಲ್ಲಿ ಮುಕ್ಕಾಲು ಭಾಗ ಹಳೆಯದೇ. ಎಲ್ಲ ಶಾಲೆಯ ಲೆಕ್ಕವನ್ನೂ ಒಂದು ಶೀಟಿನಲ್ಲಿ ಇಟ್ಟುಕೊಂಡರೆ ಮತ್ತೆ ಮತ್ತೆ ಶಿಕ್ಷಕರನ್ನು ಕೇಳಬೇಕಾಗಿಲ್ಲ. ಬೆಳಗಿನ ಮೊದಲ ಎರಡು ಪಿರಿಯಡ್ ಫೋನ್ ಬ್ಯಾಗಿನಲ್ಲೇ ಇರಲಿ. ಒಮ್ಮೊಮ್ಮೆ ಬೈಸಿಕೊಂಡಿದ್ದೇನೆ. ಪರವಾಗಿಲ್ಲ.

ಷರಾ ಬರೆಯುವ ಮೊದಲು ಅದೇ ತರಗತಿಯಲ್ಲಿ ಒಂದು ಪಾಠ ನೀನೇ ಮಾಡು. ಆಮೇಲೆ ಬರೆಯಬೇಕು ಅನ್ನಿಸಿದರೆ ಬರೆ.

ನಾನು ಮಳೆಗೆ ಸಿಕ್ಕಿಕೊಂಡ ಆ ಶಾಲೆಯ ಎರಡು ಕಾಲಂ ನೋಟ್‌ಬುಕ್‌ನಲ್ಲಿ ಈಗ ನಾನೂರಕ್ಕಿಂತ ಜಾಸ್ತಿ ಪದಗಳಿವೆ. ಮೇಡಂ ಹತ್ತಿರ ಕೇಳಿ ಅಷ್ಟನ್ನೂ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಕೌನ್ಸೆಲಿಂಗ್ ಮುಗಿದ ದಿನ ಸಂಜೆ ಫೋನ್ ಮಾಡಿ ಯಾವ ಕ್ಲಸ್ಟರ್ ಸಿಕ್ಕಿತು ಅಂತ ಹೇಳು. ಮಾರನೇ ದಿನವೇ ಕಳಿಸುತ್ತೇನೆ.

ನಿನ್ನ ಗೆಳೆಯ